ಕೆಂಪು ಬಾವುಟ ಎಡಗಡೆಗಿತ್ತು

ನಾವು ನಾಲ್ವರೂ ನಿವೃತ್ತರು. ಹಾಗಂತ ಪಿಂಚಣಿ ಪುಸ್ತಕದಲ್ಲಿ ಬರೆದಿತ್ತೇ ಹೊರತು ನಮ್ಮಲ್ಲಿ ಯಾರೂ ಅದನ್ನು ಅಷ್ಟಾಗಿ ನಂಬಿರಲಿಲ್ಲ. ರಸ್ತೆ, ಸೇತುವೆ, ಮೋರಿ ಕಟ್ಟಿಸುವ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸವೆದು ಹೊರಬಂದ ಮೇಲೆ, ಉಳಿದವರೆಲ್ಲ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಹೊತ್ತಿನಲ್ಲಿ ನಾವು ಬೆಂಗಳೂರಿನಲ್ಲಿ ಗಾಲ್ಫ್ ಆಡುತ್ತಿದ್ದೆವು. ಆಟದ ಮೇಲಿನ ಪ್ರೀತಿಯಿಂದಲ್ಲ. ಚೀಫ್ ಎಂಜಿನಿಯರ್ ಆಗಿ ನಿವೃತ್ತರಾದ ನಮ್ಮ ದೊಡ್ಡ ಸಾಹೇಬರು ಆಡುತ್ತಿದ್ದರು, ಆದ್ದರಿಂದ ನಾವೂ ಆಡುತ್ತಿದ್ದೆವು. ಅವರೇನಾದರೂ ಚದುರಂಗ ಹಿಡಿದಿದ್ದರೆ ಕೂತಲ್ಲೇ ಮುಗಿಯುತ್ತಿತ್ತು, ನನ್ನ ಮೊಣಕಾಲೂ ಉಳಿಯುತ್ತಿತ್ತು.

ಸಾಹೇಬರ ನಂತರದ ಸ್ಥಾನ ಸೂಪರಿಂಟೆಂಡಿಂಗ್ ಎಂಜಿನಿಯರ್ ಆಗಿದ್ದವರದು. ಸಾಹೇಬರು ಬಾಯಿ ತೆರೆಯುವ ಮೊದಲೇ ‘ಕರೆಕ್ಟ್ ಸಾರ್’ ಅನ್ನುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಅವರ ನಂತರ ಎಕ್ಸಿಕ್ಯುಟಿವ್ ಎಂಜಿನಿಯರ್ ಆಗಿದ್ದ ನಾನು. ಕೊನೆಗೆ ಲೆಕ್ಕಪತ್ರ ಅಧಿಕಾರಿ. ಯಾರು ಎಷ್ಟು ಏಟಿಗೆ ಚೆಂಡನ್ನು ಕುಳಿಗೆ ಹಾಕಿದರು ಎಂದು ಬರೆದಿಡುವುದು ಇವರ ಕೆಲಸ; ಏಟು ಕಡಿಮೆಯಾದವನು ಗೆದ್ದ. ನಡೆಯುವಾಗಲೂ ನಾವು ಇದೇ ಕ್ರಮದಲ್ಲಿ ನಡೆಯುತ್ತಿದ್ದೆವು, ಯಾರೂ ಹೇಳಿಕೊಟ್ಟದ್ದಲ್ಲ.

ಗಾಲ್ಫಿನಲ್ಲಿ ಹಿಂದಿನ ಕುಳಿ ಗೆದ್ದವನು ಮುಂದಿನದಕ್ಕೆ ಮೊದಲು ಹೊಡೆಯಬೇಕಂತೆ. ಇರಬಹುದು. ನಮ್ಮಲ್ಲಿ ಹೊಡೆಯುವುದು ಸೀನಿಯಾರಿಟಿ ಪ್ರಕಾರ. ಇನ್ನೊಂದು ಪದ್ಧತಿಯೂ ಇತ್ತು. ಸಾಹೇಬರ ಚೆಂಡು ಕುಳಿಯಿಂದ ಒಂದು ಕೊಡೆಯಷ್ಟು ದೂರಕ್ಕೆ ಬಂದರೆ ಸಾಕು, ಒಳಗೆ ಬಿದ್ದಂತೆಯೇ ಲೆಕ್ಕ. ಅದಕ್ಕೆಂದೇ ಲೆಕ್ಕಪತ್ರದವರು ಬಿರುಬೇಸಿಗೆಯಲ್ಲೂ ಕೊಡೆ ತರುತ್ತಿದ್ದರು. ನಮ್ಮ ಚೆಂಡುಗಳಿಗೆ ಈ ಕೊಡೆ ಬಿಚ್ಚಿಕೊಳ್ಳುತ್ತಿರಲಿಲ್ಲ.

ವರ್ಷಕ್ಕೊಂದು ಸಲ ನಮ್ಮದೇ ಒಂದು ಕಪ್. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಿತ್ತಾಳೆಯದು, ಮೇಲೆ ಬೆಳ್ಳಿ ಬಣ್ಣ. ಏಳು ವರ್ಷದಿಂದ ಅದರ ಮೇಲೆ ಒಂದೇ ಹೆಸರು ಕೆತ್ತಿಸಿ ಕೆತ್ತಿಸಿ ಮುಂಭಾಗ ತುಂಬಿ ಹಿಂಭಾಗಕ್ಕೂ ಹೋಗಿತ್ತು. ನನ್ನ ಹೆಂಡತಿ, “ಅದೇನ್ ಕಪ್ಪೋ, ನಾವೂ ಒಂದ್ಸಲ ಕಣ್ಣಲ್ಲಿ ನೋಡೋಣ ಅಂದ್ರೆ ನಿಮ್ ಕೈಲಾಗಲ್ಲ” ಅನ್ನುತ್ತಿದ್ದಳು. ಎಂಟನೆಯ ವರ್ಷ ಡಾಕ್ಟರು ನನ್ನ ಮೊಣಕಾಲಿನ ಎಕ್ಸ್‌ರೇ ನೋಡಿ, ಈ ಆಟ ಇದೇ ಕೊನೆ ಎಂದರು. ನನಗೆ ಆ ಹಿತ್ತಾಳೆ ಬೇಕಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಪ್ರಮೋಷನ್ನಿಗೂ ನಾನು ಅಷ್ಟು ಆಸೆಪಟ್ಟಿರಲಿಲ್ಲ.

ಆ ವರ್ಷದ ಕಪ್ಪಿಗೇ ಸಾಹೇಬರಿಗೆ ಹೊಸ ಮೈದಾನದ ಚಪಲ ಹತ್ತಿತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದೊಡ್ಡಬಳ್ಳಾಪುರದಾಚೆ ಘಾಟಿ ಸುಬ್ರಹ್ಮಣ್ಯದ ಕಡೆ ಯಾರೋ ಹೊಲಗಳನ್ನು ಕೊಂಡು ಹುಲ್ಲು ಹಾಸಿ ಗಾಲ್ಫ್ ಮೈದಾನ ಮಾಡಿದ್ದರು. ಸಾಹೇಬರು ಟೂರ್ ಪ್ರೋಗ್ರಾಂ ಟೈಪ್ ಮಾಡಿಸಿ ನಾಲ್ವರಿಗೂ ಪ್ರತಿ ಕಳುಹಿಸಿದರು. ‘ಬೆಳಿಗ್ಗೆ ಆರಕ್ಕೆ ಹೊರಡುವುದು, ಏಳೂವರೆಗೆ ದೊಡ್ಡಬಳ್ಳಾಪುರದಲ್ಲಿ ಉಪಾಹಾರ, ಎಂಟೂವರೆಗೆ ಸ್ಥಳ ತಪಾಸಣೆ.’ ಏನನ್ನು ತಪಾಸಣೆ ಮಾಡುವುದೋ ಆ ಘಾಟಿಯ ದೇವರಿಗೇ ಗೊತ್ತು.

ದೊಡ್ಡಬಳ್ಳಾಪುರದಲ್ಲಿ, ಪಕ್ಕದ ಬೀದಿಯ ಮಗ್ಗಗಳ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ, ಅಪರೂಪಕ್ಕೆ ನೆಮ್ಮದಿಯಾಗಿ ಇಡ್ಲಿ ತಿಂದೆವು. ಮತ್ತೆ ಕಾರು ಹತ್ತಿದ ಮೇಲೆ ಸಾಹೇಬರು ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ಘಾಟಿ ರಸ್ತೆಯಲ್ಲಿ ಒಂದು ಮೋರಿ ಬಂತು. ನಾನು ಈಚೆ ಕಿಟಕಿ ಬಿಟ್ಟು ಆಚೆ ಕಿಟಕಿ ನೋಡಿದೆ.

ಆ ಮೋರಿ ಕಟ್ಟಿಸಿದವನು ನಾನೇ. ಎಂಬತ್ತರ ದಶಕದ ಕೊನೆಯ ಮಾತು. ರಸ್ತೆ ಎತ್ತರಿಸುವ ಕೆಲಸ ನಡೆದಿತ್ತು, ಹಳ್ಳದ ನೀರು ಆಚೆ ದಾಟಲು ಮೋರಿ ಬೇಕಿತ್ತು. ಸಾಹೇಬರು ಜೀಪಿನಿಂದ ಇಳಿಯದೆಯೇ ಬೆರಳು ತೋರಿಸಿ “ಇಲ್ಲಿ” ಎಂದರು. ಹಳ್ಳ ಇದ್ದದ್ದು ಅಲ್ಲಿಂದ ಎಡಕ್ಕೆ, ಕೂಗಳತೆಯಲ್ಲಿ. ನನಗೆ ಗೊತ್ತಿತ್ತು. ನಕ್ಷೆಯೂ ಕೈಯಲ್ಲೇ ಇತ್ತು. “ಆಗ್ಲಿ ಸಾರ್” ಎಂದೆ. ಕಲ್ಲು, ಸಿಮೆಂಟು, ಕ್ಯೂರಿಂಗ್ ಯಾವುದರಲ್ಲೂ ಲೋಪವಿಲ್ಲದೆ, ನೀರೇ ಬರದ ಜಾಗದಲ್ಲಿ ಒಂದು ಅಚ್ಚುಕಟ್ಟಾದ ಮೋರಿ ಕಟ್ಟಿಸಿದೆ.

ಹೊಸ ಮೈದಾನದಲ್ಲಿ ಅಂದು ಕ್ಯಾಡಿಗಳಿರಲಿಲ್ಲ. ಕೋಲಿನ ಚೀಲಗಳನ್ನು ಗಾಲಿಗಾಡಿಯಲ್ಲಿ ನಾವೇ ಎಳೆಯಬೇಕು, ದಾರಿ ತೋರಿಸಲು ಒಬ್ಬ ಬರುತ್ತಾನೆ ಎಂದರು. ಸಾಹೇಬರ ಗಾಡಿಯನ್ನು ಯಾರು ಎಳೆದರು ಎಂದು ಬೇರೆ ಹೇಳಬೇಕಿಲ್ಲ. ದಾರಿ ತೋರಿಸಲು ಬಂದವನು ಐವತ್ತರ ಆಸುಪಾಸಿನ ರೈತ. ತಲೆಗೆ ಟವೆಲ್ ಸುತ್ತಿ, ಅದರ ಮೇಲೆ ಮೈದಾನದವರು ಕೊಟ್ಟ ಹಸಿರು ಟೋಪಿ ಕೂರಿಸಿದ್ದ. ಅಲ್ಲಿನ ನೆಲದಲ್ಲಿ ಅವನದೂ ಎರಡು ಎಕರೆ ಇತ್ತಂತೆ.

ಆಟ ಅವನಿಗೆ ಗೊತ್ತಿರಲಿಲ್ಲ, ನೆಲ ಗೊತ್ತಿತ್ತು. ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿರುತ್ತಾರಲ್ಲ, ಅಲ್ಲಿ ಚೆಂಡು ಯಾವ ಕಡೆ ವಾಲುತ್ತದೆ ಎಂದು ತಿಳಿಯುವುದೇ ಕಷ್ಟ. ನಾನು ಬಗ್ಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಅವನು, “ಸಾ, ಬಲಕ್ಕೆ ಒಂಚೂರು ಹಿಡೀರಿ. ಇಲ್ಲಿ ನೀರು ಕಟ್ಟಿದ್ರೆ ಎಡಕ್ಕೇ ಓಡ್ತಿತ್ತು” ಎಂದ. ಬಲಕ್ಕೆ ಹೊಡೆದೆ. ಚೆಂಡು ಎಡಕ್ಕೆ ತಿರುಗಿ ಕುಳಿಗೆ ಬಿತ್ತು. ಸಾಹೇಬರಿಗೂ ಅವನು ಹೇಳಲು ಹೋದ. ಅವರು, “ನೀನು ಸುಮ್ನಿರಯ್ಯ, ಲೆವೆಲ್ಲು ನಮಗೆ ಗೊತ್ತು” ಎಂದರು. ಹಿಂದಿನಿಂದ ‘ಕರೆಕ್ಟ್ ಸಾರ್’ ಬಂತು. ಸಾಹೇಬರ ಚೆಂಡು ಎಲ್ಲಿಗೋ ಹೋಯಿತು.

ಹದಿನಾಲ್ಕನೆಯ ಕುಳಿಯ ಹತ್ತಿರ ಅವನು ನಿಂತ. “ಇದೇ ಸಾ ನಮ್ ಹೊಲ.”

“ಯಾಕಪ್ಪ ಮಾರಿದೆ?” ಎಂದೆ, ಸುಮ್ಮನಿರಲಾರದೆ.

“ಆ ಘಾಟಿ ರಸ್ತೇಲಿ ಒಂದು ಮೋರಿ ಐತಲ್ಲ ಸಾ, ಅದ್ರ ದೆಸೆಯಿಂದ. ಹಳ್ಳ ಒಂದ್ಕಡೆ, ಮೋರಿ ಒಂದ್ಕಡೆ. ಮಳೆ ಬಂದ್ರೆ ಮೋರಿ ಒಣಗಿರೋದು, ನೀರೆಲ್ಲಾ ರಸ್ತೆಗೆ ಅಡ್ಡ ತಗಲ್ಕೊಂಡು ಬಂದು ಇಲ್ಲಿ ನಿಲ್ಲೋದು. ರಾಗಿ ಕೊಳೆಯೋದು. ಆರೇಳು ವರ್ಷ ನೋಡ್ದೆ, ಕೊಟ್ಬಿಟ್ಟೆ. ಕಟ್ಟಿಸಿದ ಪುಣ್ಯಾತ್ಮ ಯಾವನೋ, ಅವನಿಗೆ ಕಣ್ಣು ಕಾಣ್ತಿತ್ತೋ ಇಲ್ವೋ.”

ನಾನು ಬಗ್ಗಿ, ಬಿಚ್ಚಿರದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ. ಮೊಣಕಾಲು ಚುರ್ರೆಂದಿತು.

ಹದಿನೆಂಟರಲ್ಲಿ ಹದಿನೇಳು ಕುಳಿ ಮುಗಿದಾಗ ಲೆಕ್ಕಪತ್ರದವರು ಚೀಟಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚೀಟಿ ನೋಡಿದರು. ಆಮೇಲೆ ಸಾವಿನ ಸುದ್ದಿ ಹೇಳುವವರಂತೆ ನನ್ನ ಕಿವಿಯಲ್ಲಿ, “ನೀವು ಒಂದು ಏಟು ಮುಂದಿದ್ದೀರಿ ಕಣ್ರೀ, ಏನು ಮಾಡೋಣ?” ಎಂದರು. ಏನು ಮಾಡುವುದು? ಗೆಲ್ಲುವುದು!

ಕೊನೆಯ ಕುಳಿ. ಎಲ್ಲರ ಮೊದಲ ಏಟೂ ಮೈದಾನದ ನಡುವಿಗೆ ಬಂದಿತ್ತು. ಎದುರಿಗೆ ದೂರದಲ್ಲಿ ಕುಳಿಯ ಗುರುತಿಗೆ ನೆಟ್ಟ ಒಂದು ಬಿಳಿ ಬಾವುಟ. ಎಡಗಡೆ ಹೊಂಗೆ ಮರದ ಮರೆಯಲ್ಲಿ ಅರ್ಧ ಕಾಣುವ ಕೆಂಪು ಬಾವುಟ. ಸಾಹೇಬರು ಬಿಳಿಯದರ ಕಡೆ ಬೆರಳು ತೋರಿಸಿ “ಅಲ್ಲಿ” ಎಂದರು.

“ಅದಲ್ಲ ಸಾ,” ರೈತ ಓಡಿ ಬಂದ. “ಅದು ಒಂಬತ್ತನೇದು. ಬೆಳಿಗ್ಗೆ ಆಡಿದ್ರಲ್ಲ. ನಿಮ್ದು ಎಡಗಡೆ, ಕೆಂಪು.”

“ಕಣ್ಣಿಗೆ ನೇರ ಕಾಣ್ತಾ ಇದೆ, ಎಡಗಡೆ ಅಂತಾನೆ,” ಎಂದು ಸಾಹೇಬರು ಹೊಡೆದೇ ಬಿಟ್ಟರು. ‘ಕರೆಕ್ಟ್ ಸಾರ್’ ಅವರೂ ಬಿಳಿಯದಕ್ಕೆ ಹೊಡೆದರು. ಮೂರನೆಯವನು ನಾನು.

ರೈತ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, “ನೀವಾದ್ರೂ ಎಡಕ್ಕೆ ಹೊಡೀರಿ ಸಾ” ಎಂದ. ನನಗೆ ಗೊತ್ತಿತ್ತು. ಮೈದಾನದ ನಕ್ಷೆಯ ಚೀಟಿ ಜೇಬಿನಲ್ಲೇ ಇತ್ತು. ಎಡಕ್ಕೆ ಹೊಡೆದರೆ ನ್ಯಾಯವಾಗಿ ಆಟ ಮುಗಿಸುವವನು ನಾನೊಬ್ಬನೇ, ಕಪ್ ನನ್ನದೇ. ಎಡಕ್ಕೆ ತಿರುಗಿ ನಿಂತೆ. ಹಾಗೆ ನಿಂತದ್ದೂ ಹೌದು, ಕೋಲು ಎತ್ತಿದ್ದೂ ಹೌದು.

“ಏನ್ರೀ, ಯಾವ ಕಡೆ ನಿಂತಿದ್ದೀರಿ?” ಸಾಹೇಬರ ದನಿ ಬಂತು.

ನನ್ನ ಪಾದಗಳು ನನ್ನನ್ನು ಕೇಳದೆ ಬಿಳಿ ಬಾವುಟದ ಕಡೆ ತಿರುಗಿದವು. ಥೂ, ಆ ಪಾದಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೊಡೆದ ಚೆಂಡು ಮರಳಿನ ಹೊಂಡಕ್ಕೆ ಬಿತ್ತು. ಅಲ್ಲಿಂದ ಎದ್ದು ಕುಳಿ ಸೇರುವಷ್ಟರಲ್ಲಿ ನನಗೆ ಆರು ಏಟಾಯಿತು. ಸಾಹೇಬರ ಚೆಂಡು ನಾಲ್ಕನೇ ಏಟಿಗೆ ಕುಳಿಯ ಸಮೀಪ ಬಂದು ನಿಂತಿತು, ಕೊಡೆ ಅಳೆದು ನೋಡಿ ಒಳಗೆ ಬಿದ್ದಂತೆ ಘೋಷಿಸಿತು. ಹೀಗೆ ಸಾಹೇಬರು ಒಂದು ಏಟಿನಿಂದ ಎಂಟನೆಯ ಸಲ ಗೆದ್ದರು. ನಾವು ಚಪ್ಪಾಳೆ ಹೊಡೆದೆವು. ನಿಜವಾದ ಕುಳಿಯ ಕೆಂಪು ಬಾವುಟ ಅಷ್ಟು ದೂರದಲ್ಲಿ ಪಟಪಟ ಅನ್ನುತ್ತಿತ್ತು.

ಕಾರಿನ ಹತ್ತಿರ ರೈತ ನನ್ನ ಚೀಲವನ್ನು ಡಿಕ್ಕಿಗೆ ಹಾಕಿಕೊಟ್ಟ. “ನಿಮ್ಗೆ ಗೊತ್ತಿತ್ತಲ್ಲ ಸಾ. ಒಂದ್ ಮಾತು ಹೇಳ್ಬೇಕಿತ್ತು.”

“ಅವರು ನಮ್ಮ ಸಾಹೇಬರು ಕಣಪ್ಪ.”

“ಇನ್ನೂ ನೌಕರೀಲಿದ್ದೀರಾ?”

“ಇಲ್ಲ, ರಿಟೈರಾಗಿ ಎಂಟೊಂಬತ್ತು ವರ್ಷ ಆಯ್ತು.”

ಅವನು ನನ್ನ ಮುಖ ನೋಡಿದ. ಆಮೇಲೆ ಟೋಪಿ ತೆಗೆದು, ಟವೆಲ್ ಬಿಚ್ಚಿ ಕೊಡವಿಕೊಂಡು ಹೊರಟ.

ವಾಪಸು ಬರುವಾಗ ಸಾಹೇಬರಿಗೆ ನಿದ್ದೆ ಬರಲಿಲ್ಲ. ತೊಡೆಯ ಮೇಲೆ ಕಪ್ ಇತ್ತು. ಮೋರಿ ಹತ್ತಿರ ಬಂದಾಗ ಕಾರು ನಿಧಾನ ಮಾಡಿಸಿ, ಕಿಟಕಿಯಿಂದ ಬೆರಳು ತೋರಿಸಿ, “ಇದು ನಾವು ಕಟ್ಟಿಸಿದ್ದಲ್ವೇನ್ರೀ? ನೋಡಿ, ಇಷ್ಟು ವರ್ಷವಾದರೂ ಒಂದು ಬಿರುಕಿಲ್ಲ. ಜಾಗ ಆರಿಸೋದರಲ್ಲಿ ಇರೋದು” ಎಂದರು.

ನೀರೇ ಮುಟ್ಟದ ಮೋರಿ ಬಿರುಕು ಬಿಡುವುದು ಹೇಗೆ? ಇಂಥ ಹೊತ್ತಿಗೆ ಒದಗುವ ಸೂಪರಿಂಟೆಂಡಿಂಗ್ ಎಂಜಿನಿಯರು ನನ್ನ ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಸಾಹೇಬರು ಕಾಯುತ್ತಿದ್ದರು.

“ಕರೆಕ್ಟ್ ಸಾರ್,” ಎಂದೆ ನಾನು.