ಟಿಕೆಟ್ಟು ಇಟ್ಟ ಪುಟ

ಹೊಸಪೇಟೆಯ ಗ್ರಂಥಾಲಯಕ್ಕೆ ಕಳೆದ ತಿಂಗಳು ಬಹಳ ವರ್ಷಗಳ ನಂತರ ಹೋದೆ. ಬಾಗಿಲ ಪಕ್ಕದಲ್ಲಿ ಆಗಿನಂತೆಯೇ ಹೊಸ ಪುಸ್ತಕಗಳ ಸ್ಟ್ಯಾಂಡು, ಅದೇ ಅಂಟಿನ ವಾಸನೆ. ನಿಮಗದು ಬರೀ ಅಂಟಾಗಿದ್ದೀತು. ನನಗೆ ಮಾತ್ರ ಚಪ್ಪಲಿ ಬಿಟ್ಟು ಓದಲು ಕೂರುತ್ತಿದ್ದ ಒಬ್ಬ ಅಜ್ಜ ಕಣ್ಣ ಮುಂದೆ ಬಂದರು.

ಅದು ಗಣಿಯ ಅಬ್ಬರದ ಕಾಲ. ನಮ್ಮ ಹಳ್ಳಿ ಮೆಟ್ರಿಯಿಂದ ಬಂದು ಅದಿರು ಲಾರಿಗಳ ಆಫೀಸು ಸೇರಿದ್ದೆ. ಊರಲ್ಲಿ ಎಲ್ಲರ ಕಿವಿಗೂ ಫೋನು, ಎಲ್ಲರಿಗೂ ಅವಸರ. ನನ್ನ ಫೋನು ಮಾತ್ರ ಮುನಿಸಿಕೊಂಡ ನೆಂಟರ ಹಾಗೆ ಬಾಯಿ ಬಿಡುತ್ತಿರಲಿಲ್ಲ. ಆಫೀಸು ಮುಗಿದ ಮೇಲೆ ಹೋಟೆಲಿನಲ್ಲಿ ‘ಒಂದು ಚಾ’ ಅಂದದ್ದು ಬಿಟ್ಟರೆ ಬೇರೆ ಮಾತೇ ಇಲ್ಲ. ಗ್ರಂಥಾಲಯಕ್ಕೆ ಹೋಗುತ್ತಿದ್ದದ್ದು ಜ್ಞಾನಕ್ಕಲ್ಲ, ಫ್ಯಾನಿಗೆ. ಫ್ಯಾನಿನ ಕೆಳಗಿದ್ದದ್ದು ಧಾರ್ಮಿಕ ಪುಸ್ತಕಗಳ ಮೇಜು. ಹೀಗಾಗಿ ನಾನೂ ಧಾರ್ಮಿಕನಾದೆ.

ಹೊಸ ಪುಸ್ತಕವನ್ನು ಮೊದಲ ತಿಂಗಳು ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಓದಬೇಕು. ಆ ಸಲ ಶರಣರ ಬದುಕಿನ ಬಗ್ಗೆ ಒಂದು ದಪ್ಪ ಪುಸ್ತಕ ಬಂದಿತ್ತು. ತೆರೆದರೆ ಒಳಗೊಂದು ಬಸ್ ಟಿಕೆಟ್ಟು. ಕಮಲಾಪುರದಿಂದ ದಿನಾ ಮಧ್ಯಾಹ್ನ ಬರುವ ಅಜ್ಜ ಓದಿದಲ್ಲಿಗೆ ಇಟ್ಟ ಗುರುತು ಅದು. ನಾನೂ ಕ್ಯಾಲೆಂಡರಿನ ಒಂದು ಚೂರು ಇಟ್ಟೆ. ನಾನು ಬರುವ ಹೊತ್ತಿಗೆ ಅವರು ಪುಸ್ತಕ ಕಣ್ಣಿಗೊತ್ತಿಕೊಂಡು, ಬಿಟ್ಟ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಡುತ್ತಿದ್ದರು. ಮಾತಿಲ್ಲ ಕತೆಯಿಲ್ಲ, ಆದರೂ ಅವರ ಟಿಕೆಟ್ಟು ಎಲ್ಲಿಗೆ ಬಂದಿದೆ ಎಂದು ನೋಡುವುದೇ ನನಗೆ ದಿನದ ಸುಖವಾಯಿತು.

ಒಂದು ಸಂಜೆ ಅಜ್ಜ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

“ತಮ್ಮಾ, ನಾ ಕಡೀ ಅಧ್ಯಾಯಕ್ಕ ಬಂದೀನಿ. ನೀ ಇನ್ನೂ ಭಾಳ ಹಿಂದ ಅದಿ. ನಿಂತಿರ್ತೀನಿ, ಬಾ. ಕೂಡೇ ಮುಗಸೋಣ.”

ನನ್ನ ಸಲುವಾಗಿ ಯಾಕೆ ಕಾಯುತ್ತೀರಿ, ಓದಿಬಿಡಿ ಎಂದೆ.

“ಓದಿ ಯಾರಿಗೆ ಹೇಳ್ಲಿ? ಮನ್ಯಾಗ ಯಾರದಾರ?”

ಅದೇ ವಾರ ನನ್ನನ್ನು ಸಂಡೂರಿನ ಆಫೀಸಿಗೆ ಹಾಕಿದರು. ಓಡಾಡಲು ಜೀಪು ಬೇರೆ. ಹಿಗ್ಗಿನಲ್ಲಿ ಮರುದಿನ ಬೆಳಿಗ್ಗೆಯೇ ಹೊರಟುಬಿಟ್ಟೆ. ಪುಸ್ತಕದೊಳಗೆ ಒಂದು ಚೀಟಿಯನ್ನಾದರೂ ಇಡಬಹುದಿತ್ತು. ಒಂದು ಪುಸ್ತಕಕ್ಕಾಗಿ ಯಾರು ಕಾಯುತ್ತಾರೆ ಅಂದುಕೊಂಡೆ. ಮುಂದೆ ಗಣಿಯೂ ನಿಂತಿತು, ಜೀಪೂ ಹೋಯಿತು.

ಕಳೆದ ತಿಂಗಳು ಆ ಪುಸ್ತಕ ಒಳಗಿನ ಕಪಾಟಿನಲ್ಲಿ ಸಿಕ್ಕಿತು. ಕೊನೆಯ ಹಾಳೆಗೆ ಅಂಟಿಸಿದ, ಒಯ್ದ ದಿನ ಬರೆಯುವ ಚೀಟಿಯಲ್ಲಿ ಒಂದೂ ತಾರೀಖಿಲ್ಲ. ಯಾರೂ ಮನೆಗೆ ಒಯ್ದಿಲ್ಲ. ನನ್ನ ಕ್ಯಾಲೆಂಡರಿನ ಚೂರು ನಡುವಲ್ಲಿ ಹಾಗೇ ಇತ್ತು. ಕಡೆಯ ಅಧ್ಯಾಯದ ಮೊದಲ ಪುಟದಲ್ಲಿ ಟಿಕೆಟ್ಟು ಒಂದಲ್ಲ, ಒಂದು ಹಿಡಿ ಇದ್ದವು. ದಿನಾ ಬಂದಿದ್ದಾರೆ, ನನ್ನ ಚೂರು ಕದಲದೆ ಇದ್ದದ್ದನ್ನು ನೋಡಿದ್ದಾರೆ, ಅಂದಿನ ಟಿಕೆಟ್ಟು ಇಟ್ಟು ಹೋಗಿದ್ದಾರೆ. ನನಗೆ ಅಳು ಬಂತು.

ಮನೆಗೆ ಒಯ್ಯಿರಿ ಎಂದರು ಗ್ರಂಥಾಲಯದ ಮೇಡಂ. ಬೇಡವೆಂದೆ. ಈಗ ನಾನಿರುವ ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತೇನೆ, ಚಪ್ಪಲಿ ಬಿಟ್ಟು ಅಲ್ಲೇ ಓದುತ್ತೇನೆ. ನಿನ್ನೆ ಕಡೆಯ ಅಧ್ಯಾಯ ಮುಟ್ಟಿದೆ. ಮುಂದೆ ಓದಲಿಲ್ಲ. ನನ್ನ ಟಿಕೆಟ್ಟನ್ನೂ ಅವರ ಟಿಕೆಟ್ಟುಗಳ ಜೊತೆ ಇಟ್ಟು ಎದ್ದು ಬಂದೆ.