ಪಾಲೆ ಮರದ ಕಾವಲು

ಉಡುಪಿಯಿಂದ ಮಣಿಪಾಲಕ್ಕೆ ಏರುವ ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ ಬಂದರೆ ನಮ್ಮ ಬಡಾವಣೆ. ಅದರ ತಿರುವಿನಲ್ಲಿ ಹಳೆಯ ಪಾಲೆ ಮರವೊಂದಿದೆ, ಘಟ್ಟದ ಮೇಲಿನವರು ಹಾಲೆ ಅನ್ನುವ ಮರ. ಅಪಾರ್ಟ್‌ಮೆಂಟುಗಳು ಏಳುವ ಮೊದಲು ಇಂಥವು ಇಲ್ಲಿ ಹಲವಿದ್ದವು. ಈಗ ಇದೊಂದೇ.

ರಸ್ತೆ ಅಗಲ ಮಾಡಲು ಅದನ್ನು ಕಡಿಯುವ ನೋಟಿಸು ಬಂದಾಗ ನಾನು ಆಕ್ಷೇಪಣೆ ಸಲ್ಲಿಸಿದೆ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನಿಗೆ ಅರ್ಜಿ ಬರೆಯುವುದು ಕಷ್ಟವಲ್ಲ. ವಿಚಾರಣೆಯ ದಿನ ಸಾರ್ವಜನಿಕರಿಗೆಂದು ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಬಂದವನು ನಾನೊಬ್ಬ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ನಮ್ಮ ಕಡೆಯವರು ಈ ಮರದ ತೊಗಟೆಯನ್ನೇ ನಂಬಿದ್ದಾರೆ ಎಂದೆ. ಅಧಿಕಾರಿಯೂ ಆ ಕಹಿ ಕುಡಿದೇ ಬೆಳೆದವರು. ನಕ್ಷೆಯಲ್ಲಿ ಹೊಸ ರಸ್ತೆಯ ಚರಂಡಿಯ ಗೆರೆ ಸ್ವಲ್ಪ ಬಾಗಿತು, ಮರ ಉಳಿಯಿತು. ಪತ್ರಿಕೆಗಳಲ್ಲಿ ಅದರ ಚಿತ್ರ ಬಂತು.

ಪಾಲೆ ಮರ ಎಲ್ಲಿದೆಯೆಂದು ಎಲ್ಲರಿಗೂ ತಿಳಿದದ್ದು ಹಾಗೆ. ಮಳೆಗಾಲದ ನಡುವೆ ಬರುವ ಆ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲೇ ತೊಗಟೆ ತರಬೇಕು. ಕಬ್ಬಿಣ ತಾಗಿಸುವಂತಿಲ್ಲ, ಕಲ್ಲಿನಿಂದ ಜಜ್ಜಿಯೇ ಬಿಡಿಸಬೇಕು. ಆ ವರ್ಷ ಜನ ಬಂದು ಹೋದ ಮೇಲೆ ನೋಡಿದರೆ ಕಾಂಡದ ಮೂರು ಬದಿ ಬೋಳಾಗಿತ್ತು. ಹಾಲು ಒಸರಿ ಬುಡದವರೆಗೆ ಇಳಿದಿತ್ತು. ಉಳಿದ ಬದಿಯೂ ಹೋದರೆ ಮರ ನಿಂತಲ್ಲೇ ಒಣಗುತ್ತದೆ.

ಈ ವರ್ಷ ಆ ದಿನ ಕತ್ತಲಲ್ಲೇ ನಾನು ಎಲ್ಲರಿಗಿಂತ ಮೊದಲು ಹೋಗಿ, ಉಳಿದ ತೊಗಟೆಗೆ ಬೆನ್ನು ಕೊಟ್ಟು, ಕೊಡೆ ಹಿಡಿದು ನಿಂತೆ. ಮೊದಲು ಬಂದವರು ಪಕ್ಕದ ಮನೆಯವರು. ಮೊಬೈಲಿನ ಬೆಳಕನ್ನು ನನ್ನ ಮುಖಕ್ಕೇ ಹಿಡಿದರು.

"ಎಂತ ಮಾರಾಯ್ರೆ, ಹೆದರಿಸಿಬಿಟ್ರಲ್ಲ! ಭೂತವೋ ಅಂತ ಎಣಿಸಿದೆ."

"ಈ ಬದಿ ತೆಗೀಬೇಡಿ. ಸುತ್ತ ತೆಗೆದರೆ ಮರ ಸಾಯ್ತದೆ."

"ಸಾಯುವುದು ಎಂತಕ್ಕೆ? ನಾವು ಕತ್ತಿ ಮುಟ್ಟಿಸ್ತೇವಾ? ಕಲ್ಲು ಅಲ್ವಾ." ಕೈಯಲ್ಲಿದ್ದ ಬೆಣಚುಕಲ್ಲನ್ನು ತೋರಿಸಿದರು.

"ಕಲ್ಲಾದರೂ ತೊಗಟೆ ಹೋಗ್ತದಲ್ಲ."

"ಅಜ್ಜನ ಕಾಲದಿಂದ ತೆಗೀತಾ ಇದ್ದೇವೆ. ಎಷ್ಟು ಮರ ಸತ್ತಿದೆ ಹೇಳಿ?"

ಆಗ ಮರಗಳು ಹಲವಿದ್ದವು, ಒಂದೊಂದಕ್ಕೆ ಒಂದೆರಡು ಮನೆಯವರು ಬರುತ್ತಿದ್ದರು ಎಂದೆ. ಅಷ್ಟರಲ್ಲಿ ಅವರ ಹಿಂದೆ ಇನ್ನಷ್ಟು ಜನ ಸೇರಿದ್ದರು. ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲ ಕೊಡವುತ್ತ, "ಇವರದ್ದು ಸ್ವಂತ ಮರವಾ? ಹಾಗಾದರೆ ಬೇಲಿ ಹಾಕಿ ಟಿಕೇಟು ಇಡಲಿ" ಎಂದರು. ಎಲ್ಲರೂ ನಕ್ಕರು. ಯಾರೂ ನನ್ನನ್ನು ತಳ್ಳಲಿಲ್ಲ. ಬೋಳು ಬದಿಗಳ ಅಂಚಿನಲ್ಲೇ ಕೆರೆದು, ಸಿಕ್ಕಷ್ಟು ತೆಗೆದುಕೊಂಡು, ಗೊಣಗುತ್ತ ಹೋದರು. ಪಕ್ಕದ ಮನೆಯವರು ಮಾತ್ರ ಬರಿಗೈಯಲ್ಲಿ ತಿರುಗಿದರು. ಹೋಗುವಾಗ ಬೆಣಚುಕಲ್ಲನ್ನು ಚರಂಡಿಗೆ ಎಸೆದರು.

ಬೆಳಕು ಹರಿದ ಮೇಲೆ ತೊಗಟೆ ತೆಗೆಯುವವರಿಲ್ಲ. ಕೊಡೆ ಮಡಚಿ ತಿರುಗಿ ನೋಡಿದೆ. ನನ್ನ ಬೆನ್ನಿನ ಅಗಲದಷ್ಟು ತೊಗಟೆ ಬುಡದಿಂದ ಮೇಲಿನವರೆಗೆ ಹಾಗೇ ಇತ್ತು.

ಮನೆಗೆ ಬರುವಾಗ ಕೆಲವು ಅಡುಗೆಮನೆಗಳಿಂದ ಕಷಾಯಕ್ಕೆ ಹಾಕುವ ಬೆಳ್ಳುಳ್ಳಿ, ಓಮದ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಬ್ಬನೇ ಇರುವವನೆಂದು ಪ್ರತಿ ವರ್ಷ ಪಕ್ಕದ ಮನೆಯವರು ಕಂಪೌಂಡಿನ ಮೇಲಿನಿಂದ ನನಗೊಂದು ಲೋಟ ಕಷಾಯ ಕೊಡುತ್ತಿದ್ದರು, ಹಿಂದೆಯೇ ಮೆಂತೆ ಗಂಜಿ. ಈ ಬಾರಿ ಅವರ ಮನೆಯಲ್ಲೂ ಕಷಾಯ ಆಗಲಿಲ್ಲ. ಒಂಬತ್ತರ ಹೊತ್ತಿಗೆ ಅವರು ಸ್ಕೂಟರು ಹೊರಗೆ ತೆಗೆದರು. ನಾನು ಗೇಟಿನಲ್ಲಿ ನಿಂತಿದ್ದೆ. ಅವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಹೋದರು.