ಮುಂದಿನ ಚಾಕು

ಕಾಕಾನ ಬಲಗೈ ಹೆಬ್ಬೆರಳಿನ ಉಗುರಿನ ನಡುವೆ ಒಂದು ತಗ್ಗು ಬಿದ್ದಿತ್ತು, ಬಾವಿಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಬೀಳುವ ಗೆರೆಯ ಹಾಗೆ. ಮಡಚುವ ಚಾಕುವಿನ ಅಲಗಿಗೆ ಉಗುರು ಸಿಗಿಸಲು ಒಂದು ಬದಿಯಲ್ಲಿ ಸಣ್ಣ ಗೀರು ಇರುತ್ತದೆ. ಅದರಲ್ಲಿ ಉಗುರಿಟ್ಟು ಅಲಗನ್ನು ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು. ಅವರ ದಿನದ ಅರ್ಧ ಕೆಲಸ ಇದೇ ಆಗಿತ್ತು.

ಮಸ್ಕಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಕುಲುಮೆ. ಸಂಬಂಧವಿಲ್ಲದಿದ್ದರೂ ನಾನು ಕಾಕಾ ಎನ್ನುತ್ತಿದ್ದೆ. ಕುಡ, ಕುರ್ಪಿಯಂಥ ಒಕ್ಕಲುತನದ ಸಾಮಾನು ಬಡಿಯುವ ಕಮ್ಮಾರರು ಊರಲ್ಲಿ ಬೇರೆ ಇದ್ದರು. ಕಾಕಾ ಮಾಡುತ್ತಿದ್ದದ್ದು ಮಡಚುವ ಚಾಕು ಮಾತ್ರ. ಕಾಲುವೆ ಕೆಲಸದ ಲಾರಿಗಳ ಮುರಿದ ಸ್ಪ್ರಿಂಗ್ ಪಟ್ಟಿಯಿಂದ ಅಲಗು, ಟಗರಿನ ಕೋಡಿನಿಂದ ಹಿಡಿ. ಮುಚ್ಚುವಾಗ ಬರುವ ಸಪ್ಪಳ ಮನಸ್ಸಿಗೆ ಬರದಿದ್ದರೆ ರಿವಿಟ್ ಕಿತ್ತು ಮೊದಲಿಂದ ಶುರು ಮಾಡುತ್ತಿದ್ದರು. ನಮ್ಮ ಕಿವಿಗೆ ಎಲ್ಲ ಸಪ್ಪಳವೂ ಒಂದೇ. ಹೀಗಾಗಿ ಒಂದು ಚಾಕು ತಯಾರಾಗುವಷ್ಟರಲ್ಲಿ ಹೇಳಿ ಹೋದವನು ಆಸೆ ಬಿಟ್ಟಿರುತ್ತಿದ್ದ.

ತಯಾರಾದದ್ದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆಂದು ನಮ್ಮ ಕಡೆಯ ನಂಬಿಕೆ. ನೆಲದ ಮೇಲಿನ ಗೋಣಿತಟ್ಟಿನಲ್ಲಿಟ್ಟು "ಎತ್ಗೋ" ಎನ್ನುತ್ತಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು. ಕುಲುಮೆಯ ಆಚೆ ಬದಿ, ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲಿನ ಹತ್ತಿರ, ಅವರ ಮನೆಯವರಷ್ಟೇ ಕೂಡಬೇಕು. ಅಡಿಗಲ್ಲು ಅವರಿಗೆ ದೇವರು. ಉಳಿದವರೆಲ್ಲ ಬೆಂಕಿಯ ಈಚೆ.

ಸಂಜೆಯಾದರೆ ಈಚೆ ಬದಿಗೆ ಚಾಕುವಿನ ಶೋಕಿಯವರು ಸೇರುತ್ತಿದ್ದರು. ಎಲ್ಲರ ಕಿಸೆಯಲ್ಲೂ ಕಾಕಾನ ಚಾಕು ಒಂದಿತ್ತು. ಎಲ್ಲರಿಗೂ ಇನ್ನೊಂದು ಬೇಕಿತ್ತು, ಮೊದಲಿನದಕ್ಕಿಂತ ಬೇರೆಯಾದದ್ದು.

"ಬಿಚ್ಚಿದ ಮ್ಯಾಲ ಅಲಗು ಗಟ್ಟಿ ನಿಂದ್ರೂ ಹಂಗ ಒಂದು ಖಿಟ್ಟಿ ಕೂಡಿಸ್ರಿ," ಎನ್ನುತ್ತಿದ್ದರು ಕಾಲುವೆಯ ಓವರ್‌ಸಿಯರ್. "ನಮ್ಮ ದೊಡ್ಡ ಸಾಹೇಬ್ರ ಹತ್ರ ಫಾರಿನ್‌ದು ಐತಿ, ಕಣ್ಣಾರೆ ನೋಡೀನಿ."

"ಖಿಟ್ಟಿ ತಗೊಂಡು ಏನ್ ಮಾಡ್ತೀರಿ ಸಾಹೇಬ್ರ?" ಗುರುಗುಂಟಾದ ಕುರಿಗಾರ ಅಡ್ಡ ಹಾಕುತ್ತಿದ್ದ. "ಹಿಡಿಯಾಗ ಒಂದು ಚಿಮಟಾ ಇರ್ಲಿ. ಕುರಿ ಕಾಲಾಗ ಮುಳ್ಳು ಮುರದ್ರ ನಿಮ್ಮ ಖಿಟ್ಟಿ ಬಂದು ತೆಗಿತೈತೇನು?"

ಸಿಂಧನೂರು ಕಡೆಯ ಕ್ಯಾಂಪಿನಲ್ಲಿ ಭತ್ತ ಹಾಕಿದ್ದ ಆಂಧ್ರದ ರೈತರಿಗೆ ಹಿಡಿಯ ಮೇಲೆ ಹಿತ್ತಾಳೆಯ ನವಿಲು ಬೇಕು. "ಒಂದು ನೆಮಲಿ ಹಾಕಂಡಿ, ಶಾನಾ ಚೆಂದ ಇರ್ತದಿ," ಎಂದು ಎರಡು ಭಾಷೆ ಕಲಸಿ ಕೇಳುತ್ತಿದ್ದರು.

"ನವಿಲು ಏನು ಕೊಯ್ತೈತ್ರೀ?" ಎನ್ನುವನು ಕುರಿಗಾರ.

ಕಾಕಾ ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ ಮಾತು: "ಮುಂದಿನದ್ರಾಗ ನೋಡೂಣು." ಮುಂದಿನದು ಬರುತ್ತಿತ್ತು. ಅದೇ ಅಲಗು, ಅದೇ ಕೋಡಿನ ಹಿಡಿ. ಬೈದುಕೊಳ್ಳುತ್ತಲೇ ಎತ್ತಿಕೊಂಡು ಹೋಗುತ್ತಿದ್ದರು.

ನಾನು ಸಸ್ಯಶಾಸ್ತ್ರ ಓದಲು ಧಾರವಾಡಕ್ಕೆ ಹೊರಡುವ ವರ್ಷ ಅಪ್ಪ ನನಗೊಂದು ಚಾಕು ಹೇಳಿದರು, ಬೇರು ಕಾಂಡ ಕೊಯ್ಯಲು. ಕಾಕಾ ಒಂದನ್ನು ಗೋಣಿಯ ಮೇಲಿಟ್ಟು "ಎತ್ಗೋ ಬೇ" ಎಂದರು. ಎತ್ತಿಕೊಂಡೆ. ಅವರು ಚಾಕು ನೋಡಲಿಲ್ಲ, ನನ್ನ ಕೈ ನೋಡಿದರು.

"ಎಡಚಿ ಅದೀಯೇನು?"

ಚಾಕುವನ್ನು ಬಲಗೈಗೆ ದಾಟಿಸಿದೆ. ಉಣ್ಣುವುದನ್ನೂ ಬರೆಯುವುದನ್ನೂ ಅವ್ವ ಸೌಟು ಹಿಡಿದು ನಿಂತು ಬಲಗೈಗೆ ಕಲಿಸಿದ್ದಳು. ಕಣ್ಣಿಗೆ ಬೀಳದ ಸಣ್ಣ ಕೆಲಸಗಳನ್ನು ಮಾತ್ರ ಎಡಗೈ ತಾನೇ ಮಾಡಿಕೊಳ್ಳುತ್ತಿತ್ತು. ಆ ಕೈಯ ವಿಷಯ ನಾನು ಯಾರೊಂದಿಗೂ ಆಡುತ್ತಿರಲಿಲ್ಲ.

"ಹಂಗಾದ್ರ ಇದು ನಿನಗ ಬ್ಯಾಡ," ಎಂದರು. "ಗೀರು ಈ ಕಡೆ ಐತಿ, ನಿನ್ನ ಉಗುರು ಆ ಕಡೆ ಬರ್ತೈತಿ. ನಿನಗ ಬ್ಯಾರೆ ಮಾಡ್ತೀನಿ. ಮುಂದಿನದು ನಿಂದ."

ಕೈ ಬದಲಿಸು ಎನ್ನದೆ ಚಾಕು ಬದಲಿಸುತ್ತೇನೆ ಎಂದ ಮೊದಲ ಮನುಷ್ಯ ಅವರು. ನನಗೆ ಆ ಚಾಕು ಎಷ್ಟು ಬೇಕೆನಿಸಿತೆಂಬುದನ್ನು ಮನೆಯಲ್ಲಿ ಹೇಳಲೂ ಇಲ್ಲ.

ಅಳತೆ ನೋಡಲು ನನ್ನನ್ನು ಬೆಂಕಿಯ ಈಚೆ ಕೂಡಿಸಿ ತಾವು ಆಚೆ ಕುಳಿತರು. ನಾನು ಎಡಗೈಯಿಂದ ಚಾಕು ಬಿಚ್ಚುವಂತೆ ಮಾಡಬೇಕು, ಅದನ್ನು ನೋಡುತ್ತ ಅವರೂ ಹಾಗೆಯೇ ಮಾಡಬೇಕು. "ಮತ್ತೊಮ್ಮಿ," ಎನ್ನುತ್ತಿದ್ದರು, "ಇನ್ನೊಮ್ಮಿ." ಕೈಗೆ ರೂಢಿಯಾಗದೆ ಅವರು ಸುತ್ತಿಗೆ ಎತ್ತುತ್ತಿರಲಿಲ್ಲ.

ನಾನು ಬಸ್ಸು ಹತ್ತುವ ದಿನ ಬೆಳಿಗ್ಗೆ ಕರೆದರು. ಗೋಣಿತಟ್ಟನ್ನು ಝಾಡಿಸಿ ಹಾಸಿದ್ದರು. ಚಾಕುವಿನ ಹಿಡಿ ನನ್ನ ಅಂಗೈಯಷ್ಟಕ್ಕೇ ಸಣ್ಣದಾಗಿತ್ತು. ಎತ್ತಿಕೊಂಡು ಎಡ ಹೆಬ್ಬೆರಳನ್ನಿಟ್ಟೆ. ಉಗುರು ನುಣ್ಣನೆಯ ಉಕ್ಕಿನ ಮೇಲೆ ಜಾರಿತು. ತಿರುಗಿಸಿ ನೋಡಿದರೆ ಗೀರು ಎಂದಿನ ಬದಿಯಲ್ಲೇ ಇತ್ತು.

"ಕಾಕಾ, ಇದು ಎಲ್ಲಾರ್ದೂ ಇದ್ದಂಗ ಐತಿ."

"ಹುಚ್ಚಿ ಅದೀಯೇನು? ನಿನ್ನ ಕೈ ನೋಡೇ ಮಾಡೀನಿ." ಎದುರಿಗೆ ಕುಳಿತು, ಬಿಚ್ಚಿ ತೋರಿಸು ಎಂದು ನನಗೆ ಸನ್ನೆ ಮಾಡಿ, ತಾವೂ ಕೈಯಾಡಿಸಿದರು. ನನ್ನ ಎಡಗೈ ಆಡಿದಾಗ ಅವರ ಬಲಗೈ ಆಡಿತು. ಅಷ್ಟು ದಿನವೂ ಅದೇ ನಡೆದಿತ್ತು. ಎದುರಿಗೆ ಕುಳಿತವಳನ್ನು ಕನ್ನಡಿಯ ಹಾಗೆ ನೋಡಿದ್ದರು. ಅವರ ಕೈ ಹಾಗೆಯೇ ನಿಂತಿತು. ಒಳಗಿಂದ ನೋಡುತ್ತಿದ್ದ ಕಾಕಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಇಷ್ಟು ದಿನ ಕುಂತು ತನ್ನ ಕೈನ ನೋಡ್ಕೊಂಡಾನ, ನೋಡು!"

"ಆ ಕಡೆಗೂ ಒಂದು ಗೀರು ಹಾಕ್ರಿ ಕಾಕಾ, ಸಾಕು," ಎಂದೆ.

"ನೀರು ಕುಡದು ಗಟ್ಟಿಯಾದ ಉಕ್ಕು ಬೇ ಅದು. ಈಗ ಹಾಕಿದ್ರ ಸೀಳ್ತೈತಿ. ಮುಂದಿನದು ಬರಾಬ್ಬರಿ ಮಾಡ್ತೀನಿ, ಹೋಗಿ ಬಾ."

ಧಾರವಾಡದಿಂದ ಪ್ರತಿ ರಜೆಗೆ ಬಂದಾಗಲೂ ಕೇಳಿದೆ. "ಮಾಡಾಕತ್ತೀನಿ," ಎನ್ನುತ್ತಿದ್ದರು. ಒಂದರಲ್ಲಿ ಗೀರು ಹೇಗೋ ಸರಿಯಾಗಿ ಬಂದಿತ್ತಂತೆ, ಸಪ್ಪಳ ಕೆಟ್ಟಿತ್ತಂತೆ. ಆ ಸಪ್ಪಳ ನನಗೆ ಬೇಕಿಲ್ಲ ಎಂದರೂ ಕೇಳದೆ ಅದನ್ನು ಬೆಂಕಿಗೆ ಹಾಕಿದ್ದರು. ಇನ್ನೊಂದು ಮತ್ತೆ ಬಲಗೈಯದೇ ಆಗಿತ್ತು. ನಾನು ಅಳತೆ ಹಾಕಿ ಚಿತ್ರ ಬರೆದುಕೊಟ್ಟೆ. "ಕಾಗದದಾಗಿನ ಕೈಗೆ ಎಲುಬು ಇಲ್ಲ," ಎಂದು ಮಡಚಿ ವಾಪಸ್ಸು ಇಟ್ಟರು.

"ಹಂಗಾದ್ರ ಎದುರಿಗೆ ಯಾಕ? ನಿಮ್ಮ ಮಗ್ಗಲಾಗ ಕುಂದರ್ತೀನಿ, ಅಲ್ಲಿಂದ ನೋಡ್ರಿ," ಎಂದೆ. ಇಷ್ಟು ಸರಳವಾದ ಮಾತು.

"ಅಡಿಗಲ್ಲಿನ ಕಡೀಗೆ? ನಮ್ಮ ಮನಿಯವ್ರನ್ನ ಬಿಟ್ಟು ಯಾರೂ ಕುಂತಿಲ್ಲ. ನಮ್ಮಪ್ಪನ ಕಾಲದಾಗೂ ಕುಂತಿಲ್ಲ." ಅಲ್ಲಿಗೆ ಮುಗಿಯಿತು.

ಸಾಲದ್ದಕ್ಕೆ, ನನ್ನದು ಆಗುವ ತನಕ ಬೇರೆ ಯಾವುದನ್ನೂ ಮಾಡುವುದಿಲ್ಲವೆಂದು ಹಟ ಹಿಡಿದಿದ್ದರು. ಸಂಜೆಯ ಮಂದಿಗೆ ನನ್ನ ಮೇಲೆ ಸಿಟ್ಟು. "ಏನ್ರೀ ಬಾಯಾರ, ನಿಮ್ಮದು ಯಾವಾಗ ಮುಗೀತೈತಿ? ನಮ್ಮ ಖಿಟ್ಟಿ ನೋಡಾಕ ನಾವು ಇರ್ತೀವೋ ಇಲ್ಲೋ," ಎಂದರು ಓವರ್‌ಸಿಯರ್. ಯಾರ ಚಾಕುವೂ ಆಗಲಿಲ್ಲ. ಒಬ್ಬೊಬ್ಬರೇ ಬರುವುದು ಬಿಟ್ಟರು. ಲಿಂಗಸೂಗೂರಿನ ಸಂತೆಯಲ್ಲಿ ತಗಡಿನ ಹಿಡಿಯ ಚಾಕುಗಳು ಬಂದಿದ್ದವು. ನವಿಲು ಕೂಡ ಇತ್ತು ಅವುಗಳ ಮೇಲೆ.

ನಾನು ಓದು ಮುಗಿಸಿ ಬಂದಾಗ ಕಾಕಾ ಹಾಸಿಗೆ ಹಿಡಿದಿದ್ದರು, ಎದೆಯಲ್ಲಿ ಉಬ್ಬಸ. ನನ್ನನ್ನು ಕರೆಸಿದರು. ಕಾಕಿಯ ಹೆಗಲು ಹಿಡಿದು ಕುಲುಮೆಗೆ ಬಂದು ಆಚೆ ಬದಿಗೆ ಕುಳಿತರು. ಬೆಂಕಿ ಇರಲಿಲ್ಲ. ನಾನು ರೂಢಿಯಂತೆ ಈಚೆ ಕೂಡಲು ಹೋದೆ.

"ಅಲ್ಲಲ್ಲ. ಆಚಿ ಬಾ. ಇಲ್ಲಿ ಕುಂದ್ರು."

ಕಾಕಿ ಅವರ ಮುಖ ನೋಡಿದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ನಾನು ಅಡಿಗಲ್ಲಿನ ಪಕ್ಕ, ಅವರ ಮಗ್ಗುಲಿಗೆ ಕುಳಿತೆ. ಅವರು ಮಾಡಿಕೊಟ್ಟ ಅದೇ ಚಾಕು ಹಿಡಿದು, ಎಡ ಹೆಬ್ಬೆರಳಿನಿಂದ ಬಿಚ್ಚುವಂತೆ ಮಾಡಿದೆ. ಈ ಸಲ ಪಕ್ಕದಲ್ಲಿ ಅವರ ಎಡಗೈಯೂ ಆಡಿತು. ನಿಧಾನಕ್ಕೆ, ಚಿಕ್ಕ ಮಕ್ಕಳು ಬಳಪ ಹಿಡಿದ ಹಾಗೆ.

"ಹೋ," ಎಂದರು. "ಹಿಂಗ! ಇಷ್ಟ ಐತೇನು?" ಮತ್ತೊಮ್ಮೆ ಎಡಗೈ ಆಡಿಸಿ, "ಈಗ ತಿಳೀತು ಬೇ. ಈಗ ಮಾಡಾಕ ಬರ್ತೈತಿ."

ಆ ಮಾತಿಗೆ ನಾನು ಸಂತೋಷಪಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ಇದನ್ನೇ ನಾನು ಅಷ್ಟು ರಜೆಗಳಲ್ಲಿ ಹೇಳಿದ್ದೆ. ಆಗ ಅವರಿಗೆ ಸುತ್ತಿಗೆ ಎತ್ತುವ ಶಕ್ತಿಯಿತ್ತು.

ಆ ವಾರವೇ ತೀರಿಕೊಂಡರು. ಮಣ್ಣು ಮಾಡುವ ದಿನ ಶೋಕಿಯವರೆಲ್ಲ ಬಂದಿದ್ದರು. ಹೊರಗೆ ಬೇವಿನ ಕೆಳಗೆ ನಿಂತು ಖಿಟ್ಟಿಯ ಮಾತು, ಚಿಮಟಾದ ಮಾತು, ಇನ್ನೊಂದು ವರ್ಷ ಇದ್ದಿದ್ದರೆ ಮಾಡುತ್ತಿದ್ದರೆಂಬ ಮಾತು. ಮುಂದಿನದು ಯಾರದಿತ್ತು ಎಂದು ನಾನು ಹೇಳಲು ಹೋಗಲಿಲ್ಲ.

ಈಗ ಸಿಂಧನೂರಿನ ಶಾಲೆಯಲ್ಲಿ ಮಕ್ಕಳಿಗೆ ಕಾಂಡ ಕೊಯ್ದು ತೋರಿಸುವಾಗ ಅದೇ ಚಾಕು ಬಳಸುತ್ತೇನೆ. ಬಲ ಹೆಬ್ಬೆರಳಿನಿಂದ ಬಿಚ್ಚಿ, ಎಡಗೈಗೆ ದಾಟಿಸಿ, ಕೊಯ್ಯಬೇಕು. ಪ್ರತಿ ಸಲವೂ ಕಾಕಾನ ಮೇಲೆ ಸಿಟ್ಟು ಬರುತ್ತದೆ. ಮೊನ್ನೆ ಒಬ್ಬಳು ಹುಡುಗಿ ಚಾಕು ಕೇಳಿದಳು. ಮೇಜಿನ ಮೇಲಿಟ್ಟು ಎತ್ತಿಕೋ ಎಂದೆ, ಅವಳು ಯಾವ ಕೈ ಚಾಚುತ್ತಾಳೆಂದು ನೋಡುತ್ತ.